ಅಮ್ಮನ ಹರಕೆಗೆ ನಾನು ಒಪ್ಪಿಗೆ ಕೊಡಲಿಲ್ಲ

ಕೋವಿಡ್ ತಣ್ಣಗಾದ ಮೇಲೆ, 2022ರಲ್ಲಿ, ನೆದರ್‌ಲ್ಯಾಂಡ್ಸ್‌ನ ಒಂದು ಕ್ಯಾಥೊಲಿಕ್ ಸೆಮಿನರಿಯ, ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಗುರುಮಠದ, ಪ್ರವೇಶ ಸಮಿತಿಯಲ್ಲಿ ನಾನು ಮನಶ್ಶಾಸ್ತ್ರಜ್ಞೆಯಾಗಿದ್ದೆ. ಮೈಸೂರಿನ ಹಿಂದೂ ಹೆಂಗಸಿಗೆ ಅಲ್ಲೇನು ಕೆಲಸ ಎಂದು ಕೇಳಿದವರು ಬಹಳ. ಮನಸ್ಸಿಗೆ ಯಾವ ಜಾತಿ, ಹೇಳಿ?

ಅಲ್ಲಿಗೆ ಸೇರುವುದು ಕಾಲೇಜಿಗೆ ಅರ್ಜಿ ಹಾಕಿದಷ್ಟು ಸುಲಭವಲ್ಲ. ಮೊದಲು ತಮ್ಮ ಚರ್ಚಿನ ಪಾದ್ರಿಯ ಶಿಫಾರಸು, ಬಳಿಕ ಸೆಮಿನರಿಯ ಮುಖ್ಯಸ್ಥರಾದ ರೆಕ್ಟರ್ ಜೊತೆ ಹಲವು ಭೇಟಿ, ಆಮೇಲೆ ನನ್ನ ಸಂದರ್ಶನ. ಕೊನೆಯ ಮಾತು ಬಿಷಪ್ಪರದು. ಒಳಗೆ ಬಂದವರಿಗೆ ಮೊದಲ ವರ್ಷ ಪ್ರಾರ್ಥನೆ ಮತ್ತು, ಹೊರದೇಶದವರಾದರೆ, ಡಚ್ ಭಾಷೆ. ಮುಂದೆ ತತ್ವಶಾಸ್ತ್ರ, ದೇವಶಾಸ್ತ್ರ, ಚರ್ಚುಗಳಲ್ಲಿ ಇಂಟರ್ನ್‌ಶಿಪ್. ಮದುವೆಯ ಮಾತೇ ಇಲ್ಲ. ಆ ವರ್ಷ ಅರ್ಜಿ ಹಾಕಿದವರು ಒಬ್ಬರೇ: ಆಲ್ವಿನ್, ಐಂಡ್‌ಹೋವನ್‌ನ ಚಿಪ್ ಎಂಜಿನಿಯರ್, ಬೆಂಗಳೂರಿನ ಕ್ಯಾಥೊಲಿಕ್ ಮನೆಯವರು. ರೆಕ್ಟರ್ ಆಗಲೇ ಅವರಿಗೆ ಕೋಣೆ ಗೊತ್ತು ಮಾಡಿದ್ದರು.

ಇಂಗ್ಲಿಷಿನಲ್ಲಿ ಅವರ ಉತ್ತರಗಳು ಬಾಯಿಪಾಠ ಒಪ್ಪಿಸಿದಂತಿದ್ದವು. ದೇವಕರೆ, ಅಂದರೆ ಪಾದ್ರಿಯಾಗು ಎಂಬ ದೇವರ ಕರೆ, ಮೊದಲು ಯಾವಾಗ ಕೇಳಿಸಿತು ಎಂದು ಕನ್ನಡದಲ್ಲಿ ಕೇಳಿದೆ. ಅವರು ತಾಯಿಯ ಮಾತು ತೆಗೆದರು. ಚಿಕ್ಕಂದಿನಲ್ಲಿ ಅವರಿಗೆ ಮೆದುಳು ಜ್ವರ ಬಂದಿತ್ತಂತೆ. ಮಗು ಉಳಿದರೆ ದೇವರಿಗೇ ಕೊಡುತ್ತೇನೆಂದು ತಾಯಿ ಹರಕೆ ಹೊತ್ತರಂತೆ.

“ನಿಮಗೆ ಪಾದ್ರಿ ಆಗ್ಬೇಕು ಅಂತ ಇದೆಯಾ?”

“ಬೇಡ ಅನ್ನೋಕೆ ನಾನ್ಯಾರು ಮೇಡಂ? ಅಮ್ಮ ಮಾತು ಕೊಟ್ಟಿದ್ದಕ್ಕೇ ನಾನು ಬದುಕಿರೋದು.”

ನನಗೆ ಮೈಯೆಲ್ಲ ಉರಿಯಿತು. ಹರಕೆ ಎಂದರೇನೆಂದು ನನಗೆ ಯಾರೂ ಕಲಿಸಬೇಕಿಲ್ಲ. ನಮ್ಮಮ್ಮನೂ ಹೊತ್ತಿದ್ದರು, ನನ್ನ ಮುಡಿ ಕೊಟ್ಟು ತೀರಿಸಿದರು. ಕೂದಲು ಮತ್ತೆ ಬೆಳೆಯಿತು. ಕೊಟ್ಟ ಬದುಕು ಹಾಗೆ ಬೆಳೆಯುತ್ತದೆಯೇ?

ಬೇಡ ಎಂದೇ ವರದಿ ಬರೆದೆ. ರೆಕ್ಟರ್ ಕೆರಳಿದರು. ತಾಯಿಯ ಪ್ರಾರ್ಥನೆಯಿಂದಲೂ ದೇವಕರೆ ಬರುತ್ತದೆ, ಹೊರಗಿನವರಾದ ನಿಮಗೆ ಅದು ತಿಳಿಯದು ಎಂದರು. ಸ್ವಂತ ಇಚ್ಛೆಯಿಲ್ಲದವರಿಗೆ ಗುರುದೀಕ್ಷೆ ಕೊಡಬಾರದೆಂಬುದು ನಿಮ್ಮದೇ ಕಾನೂನು, ತೆಗೆದು ಓದಿ ಎಂದೆ. ಹಾಗಾದರೆ ನಿಮ್ಮ ಕರಾರು ಮುಂದುವರಿಯುವುದು ಕಷ್ಟ ಎಂದರು.

“ಬೇರೆಯವರನ್ನು ನೇಮಿಸಿಕೊಳ್ಳಿ. ನಾನು ಬರೆದದ್ದನ್ನು ಅಳಿಸುವುದಿಲ್ಲ.”

ಬಿಷಪ್ ವರದಿ ಓದಿ, ಆಲ್ವಿನ್ ಒಬ್ಬರನ್ನೇ ಕೂರಿಸಿಕೊಂಡು ಕೇಳಿದರು. ಪುಣ್ಯಾತ್ಮ, ಅಲ್ಲಿ ಬಾಯಿಬಿಟ್ಟು ತನಗೆ ಬೇಡ ಎಂದರು. ಪ್ರವೇಶ ಅಲ್ಲಿಗೇ ನಿಂತಿತು.

ಕೆಲವೇ ದಿನಗಳಲ್ಲಿ ಅವರ ತಾಯಿ, ಮಗನಿಂದ ನನ್ನ ನಂಬರ್ ಪಡೆದು, ಬೆಂಗಳೂರಿನಿಂದ ಫೋನ್ ಮಾಡಿದರು. ದೇವರ ಪಾಲನ್ನು ಕಿತ್ತುಕೊಂಡವಳು ಎಂದು ಬಾಯಿಗೆ ಬಂದಂತೆ ಬೈದರು. ಪೂರ್ತಿ ಕೇಳಿಸಿಕೊಂಡೆ.

“ಅಮ್ಮಾ, ಹರಕೆ ಹೊತ್ತಿದ್ದು ನೀವು. ನಿಮ್ಮದು ಅಂತ ಏನಿದೆಯೋ ಅದನ್ನ ಕೊಡಿ. ಮಗನ್ನ ಬಿಟ್ಬಿಡಿ.”

“ನಂದು ಅಂತ ಅವನನ್ನ ಬಿಟ್ರೆ ಇನ್ನೇನಿದೆ ಮೇಡಂ?”

ಆದರೂ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಆ ತಾಯಿಯ ಸಂಕಟ ಸುಳ್ಳಲ್ಲ. ಮಗನ ಬದುಕು ಅದಕ್ಕೆ ಮದ್ದೂ ಅಲ್ಲ. ಈ ಕೆಲಸ ನನಗೆ ಕಲಿಸಿದ್ದು ಒಂದೇ, ಯಾರು ಮುನಿಸಿಕೊಂಡರೂ ಹೇಳುತ್ತೇನೆ: ಹೆತ್ತ ತಾಯಿಯಾಗಲಿ, ಆ ದೇವರೇ ಆಗಲಿ, ಯಾರ ಬದುಕೋ ಅವರನ್ನೇ ಮೊದಲು ಕೇಳಬೇಕು.