ಕ್ರೇನಕ್ಕ ಕೆಳಗಿಳಿದ ದಿನಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಟ್ಟಡದ ಕೆಲಸ ನಡೆಯುವ ಜಾಗದ ತಗಡಿನ ಶೆಡ್ಡಿನಲ್ಲಿ ಹೆಂಗಸೊಬ್ಬರು ಬಲಗೈ ಚಾಚಿ, ಅದರ ಮೇಲೆ ಹಾಳೆಯೊಂದನ್ನಿಟ್ಟು ದಿಟ್ಟಿಸುತ್ತಿದ್ದಾರೆ. ಹಾಳೆ ಅಲುಗಿದರೆ ಅವರು ಇವತ್ತು ಕ್ರೇನ್ ಹತ್ತುವುದಿಲ್ಲ. ಅಲುಗಲಿಲ್ಲ. ಉಸಿರುಬಿಟ್ಟು, ಏಣಿಯತ್ತ ನಡೆಯುತ್ತಾರೆ.

ಇಲ್ಲಿ ಎಲ್ಲರಿಗೂ ಅವರು ‘ಕ್ರೇನಕ್ಕ’. ಮೋಡಕ್ಕೆ ಹತ್ತಿರದ ಗಾಜಿನ ಗೂಡಿನಲ್ಲಿ ಕೂತು, ಟನ್ನುಗಟ್ಟಲೆ ಕಬ್ಬಿಣವನ್ನು ಜನರ ತಲೆಯ ಮೇಲಿಂದ ಸಾಗಿಸುವುದು ಅವರ ಕಸುಬು. ಕುತ್ತಿಗೆಯ ಸ್ಕಾರ್ಫಿನಡಿ ಹೊಲಿಗೆಯ ಗೆರೆಯಿದೆ. ಗಂಟು ಬೆಳೆದಿದ್ದರಿಂದ ವೈದ್ಯರು ಥೈರಾಯ್ಡ್ ಗ್ರಂಥಿಯನ್ನೇ ತೆಗೆದಿದ್ದಾರೆ. ಅದರ ಕೆಲಸವನ್ನೀಗ ದಿನಕ್ಕೊಂದು ಮಾತ್ರೆ ಮಾಡಬೇಕು. “ಚಿಟ್ಟೆಯಷ್ಟೇ ಇತ್ತಂತೆ. ಹೋದ್ಮೇಲೆ ಗೊತ್ತಾಯ್ತು, ಮನೆ ಯಜಮಾನಿ ಅದೇ ಅಂತ!” ಎಂದು ನಗುತ್ತಾರೆ.

ಆದರೆ ಆ ಒಂದು ದಿನ ನೆನೆದರೆ ನಗು ಮಾಯವಾಗುತ್ತದೆ. ಆಪರೇಷನ್ ಆಗಿ, ರಜೆ ಮುಗಿಸಿ ಮರಳಿದ್ದರು. ಮೈ ಭಾರ, ಬಿಸಿಲಲ್ಲೂ ಚಳಿ, ತೂಕಡಿಕೆ. ಸುಸ್ತಿರಬೇಕು ಎಂದುಕೊಂಡರು. ಕಂಬಿಯ ಕಟ್ಟು ಇಳಿಸುವಾಗ ಕೆಳಗಿನಿಂದ ಸಿಗ್ನಲ್ ಕೊಡುವಾತ ವಾಕಿಟಾಕಿಯಲ್ಲಿ ಕಿರುಚಿದ: “ಅಕ್ಕಾ, ನಿಲ್ಸಿ! ನಿಲ್ಸಿ!”

“ಕೇಳಿಸ್ತು. ಕೈ ಮಾತ್ರ ತಡವಾಗಿ ಎದ್ದಿತು,” ಎನ್ನುತ್ತಾರೆ ಕ್ರೇನಕ್ಕ. ಕಟ್ಟು ಒಬ್ಬ ಬಡಗಿಯ ಹೆಲ್ಮೆಟ್ಟಿಗೆ ಗೇಣು ದೂರದಲ್ಲಿ ನಿಂತಿತು. ಆತ ಕುಸಿದು ಕೂತ, ಗಾಯವೇನೂ ಆಗಲಿಲ್ಲ. ಯಾರೂ ಬೈಯಲಿಲ್ಲ. ಇವರೇ ಇಳಿದು ಬಂದು ಮೇಸ್ತ್ರಿಯ ಕೈಗೆ ಕೀಲಿ ಕೊಟ್ಟರು.

ವೈದ್ಯೆ ಕೇಳಿದ ಮೊದಲ ಪ್ರಶ್ನೆ, “ಮಾತ್ರೆ ಹೇಗೆ ತಗೋತೀರಿ?”

“ಆಪರೇಷನ್ ಆದ್ಮೇಲೆ ಕೊಟ್ಟ ಕ್ಯಾಲ್ಸಿಯಂ ಮಾತ್ರೆ, ಈ ಥೈರಾಯ್ಡ್ ಮಾತ್ರೆ, ಎರಡೂ ಒಂದೇ ಗುಟುಕಿಗೆ. ಟೀ ಜೊತೆ.”

“ಹಾಗಾದ್ರೆ ಇದು ಮೈಗೆ ಹತ್ತೋದಾದ್ರೂ ಹೇಗಮ್ಮಾ? ಇದನ್ನ ಖಾಲಿ ಹೊಟ್ಟೇಲಿ, ಬರೀ ನೀರಲ್ಲಿ ತಗೊಳ್ಳಿ. ಕ್ಯಾಲ್ಸಿಯಂ ನಾಲ್ಕು ಗಂಟೆ ಬಿಟ್ಟು.”

ಹಾಗೇ ಮಾಡಿದರು. ಕೆಲವು ವಾರ ಬಿಟ್ಟು ರಕ್ತ ಪರೀಕ್ಷಿಸಿದಾಗ ಥೈರಾಯ್ಡ್ ಅಂಶ ಇನ್ನೂ ಸ್ವಲ್ಪ ಸಾಲದಾಗಿತ್ತು. ವೈದ್ಯೆ ಮಾತ್ರೆಯ ಪ್ರಮಾಣ ಏರಿಸಿದರು. ಜಡತನ ಹೋಯಿತು, ಬೆನ್ನಿಗೇ ನಿದ್ದೆಯೂ ಹೋಯಿತು. ಎದೆ ಡವಡವ, ಕೈಯಲ್ಲಿ ಲೋಟ ನಿಲ್ಲದು. “ಕುದುರೆ ನುಂಗ್ಬಿಟ್ಟಿದ್ದೀಯಾ?” ಎಂದರು ಅತ್ತೆ.

ಅದೇ ಹೊತ್ತಿಗೆ ಮೇಸ್ತ್ರಿ ಮನೆಗೇ ಬಂದರು. ಬದಲಿ ಆಪರೇಟರ್ ಕೈಕೊಟ್ಟಿದ್ದ. “ಈಗ ಚುರುಕಾಗೇ ಇದ್ದೀರಲ್ಲ. ನಾಳೆ ಒಂದಿನ ಹತ್ತಿ ತಾಯೀ, ಕಾಲಿಗೆ ಬೀಳ್ತೀನಿ.”

ಕ್ರೇನಕ್ಕ ನಡುಗುವ ಕೈಯನ್ನು ಅವರ ಮುಖದೆದುರು ಹಿಡಿದರು. “ಇದರ ಕೆಳಗೆ ನೀವು ನಿಲ್ತೀರಾ?”

ಮೇಸ್ತ್ರಿ ಚಪ್ಪಲಿ ಮೆಟ್ಟಿ ಹೊರಟುಹೋದರು. ಕೆಲಸ ಹೋಯಿತೆಂದೇ ಮನೆಯವರು ತಿಳಿದರು. ಗಂಡ ಮಾತ್ರ, “ನೀನು ಹೇಳಿದ್ದೇ ಸರಿ,” ಎಂದರು. ವೈದ್ಯೆ ಪ್ರಮಾಣವನ್ನು ಒಂದಿಷ್ಟು ಇಳಿಸಿದರು. ಮತ್ತೆ ಕಾಯುವ ಸರದಿ. ಕೆಲಸವೇನೂ ಹೋಗಲಿಲ್ಲ; ಕಾದಷ್ಟು ದಿನವೂ ಕ್ರೇನಕ್ಕ ನೆಲದಲ್ಲೇ ನಿಂತು ಕ್ರೇನಿನ ಕೊಕ್ಕೆಗೆ ಸರಪಳಿ ಬಿಗಿದರು. “ಅಕ್ಕನಿಗೆ ಹೆದರಿಕೆ ಹೊಕ್ಕಿದೆ” ಎಂಬ ಪಿಸುಮಾತನ್ನು ಕೇಳಿಯೂ ಕೇಳದಂತಿದ್ದರು.

ಕೊನೆಗೆ ರಕ್ತಪರೀಕ್ಷೆ ಸರಿಬಂತು, ಕೈನಡುಕವೂ ನಿಂತಿತು. ಕೀಲಿ ತಂದುಕೊಟ್ಟವರು ಮೇಸ್ತ್ರಿಯೇ.

ಇವತ್ತು ಮಧ್ಯಾಹ್ನ ಕ್ರೇನಿನಿಂದ ಇಳಿದು ಬಂದವರನ್ನು ಕೇಳುತ್ತೇನೆ, ಇನ್ನೇನಾಸೆ?

“ಕಟ್ಟಡ ಮುಗಿದ್ಮೇಲೆ ವಾಚ್‌ಮನ್ ನಮ್ಮನ್ನ ಒಳಗೆ ಬಿಡ್ಬೇಕು, ಅಷ್ಟೇ. ನಮ್ಮ ಯಜಮಾನ್ರಿಗೆ ಏಣಿ ಕಂಡ್ರೆ ತಲೆಸುತ್ತು. ಒಂದೇ ಒಂದ್ಸಲ ಲಿಫ್ಟಲ್ಲಿ ಕರ್ಕೊಂಡು ಹೋಗಿ ತೋರಿಸ್ಬೇಕು, ನಾನು ದಿನಾ ಎಲ್ಲಿ ಕೂತಿರ್ತಿದ್ದೆ ಅಂತ.”