ಹದಿನಾಲ್ಕನೇ ನಂಬರಿನ ಸೀಲು

ಕಂಪನಿಯಲ್ಲಿ ಎಲ್ಲರೂ ಅವಳನ್ನು ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ನೀರಿನ ಪಂಪು ತಯಾರಿಸುವ ಆ ದೊಡ್ಡ ಕಂಪನಿಯ ತಪಾಸಣೆ ಮೇಜಿನಲ್ಲಿ ಇಪ್ಪತ್ತೊಂದು ವರ್ಷ ಕೂತವಳು. ಮೆಷಿನ್ನಿನಿಂದ ಇಳಿದ ತುಂಡನ್ನು ಮೂರು ಸಲ ಅಳೆಯದೆ ಒಂದು ದಿನವೂ ಮುಂದಕ್ಕೆ ಬಿಟ್ಟವಳಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯನ್ನು ಅವಳಷ್ಟು ಮನಸ್ಸಿಗೆ ಹಚ್ಚಿಕೊಂಡವರು ಇನ್ನೊಬ್ಬರಿರಲಿಕ್ಕಿಲ್ಲ. ಮನೆಯಲ್ಲೂ ಅದೇ ಕಥೆ. ಅಂಗಡಿಯವನು ತೂಗಿ ಕೊಟ್ಟದ್ದನ್ನು ಮತ್ತೆ ತೂಗಬೇಕು, ಗಂಡ ಜ್ವರ ಎಂದರೆ ಹಣೆ ಮುಟ್ಟಿ ನೋಡಿಯೇ ನಂಬಬೇಕು. "ನನ್ನನ್ನೂ ಮೂರು ಸಲ ಅಳೆದೇ ಮದುವೆ ಆದ್ಲು," ಎಂದು ಬಸ್ ಡ್ರೈವರಾಗಿದ್ದ ಗಂಡ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದ.

ಪಕ್ಕದ ಕುರ್ಚಿ ಮಾತಿನಮಲ್ಲಿಯದು. ಇವಳಿಗಿಂತ ಎಂಟು ವರ್ಷ ಚಿಕ್ಕವಳು. ಬಾಯಿಗೆ ಬೀಗವೇ ಇಲ್ಲ, ಕೆಲಸದಲ್ಲಿ ಮಾತ್ರ ಚುರುಕು. ಒಬ್ಬೊಬ್ಬರಿಗೂ ಒಂದೊಂದು ನಂಬರಿನ ಸೀಲು ಕೊಟ್ಟಿದ್ದರು. ಇವಳದು ಹದಿನಾಲ್ಕು, ಅವಳದು ಹದಿನೈದು. ತುಂಡು ಸರಿಯಿದ್ದರೆ ಅದಕ್ಕೆ ಕಟ್ಟಿದ ಚೀಟಿಯ ಮೇಲೆ ಸೀಲು ಒತ್ತಿ, ಕೆಳಗೆ ಕೈಯಲ್ಲಿ ತಾರೀಖು ಬರೆಯಬೇಕು. ತಾರೀಖಿಲ್ಲದ ಸೀಲಿಗೆ ಮೂರು ಕಾಸಿನ ಬೆಲೆಯಿಲ್ಲ. ಮಲ್ಲಿ ಮಾತಿನ ಭರದಲ್ಲಿ ಅದನ್ನೇ ಮರೆಯುತ್ತಿದ್ದಳು.

"ತಾರೀಖು ಎಲ್ಲೇ?"

"ಹುಡುಕೋಕೆ ನೀನಿದ್ದೀಯಲ್ಲ ಅಕ್ಕಾ!"

ಸೀಲನ್ನು ಇನ್ನೊಬ್ಬರ ಕೈಗೆ ಕೊಡಬಾರದು ಎಂದು ನಿಯಮದ ಪುಸ್ತಕದಲ್ಲಿತ್ತು. ಇರಲಿ ಬಿಡಿ, ಪುಸ್ತಕದಲ್ಲಿ ಏನೇನೋ ಇರುತ್ತದೆ! ಒಬ್ಬರು ಟೀಗೆ ಎದ್ದರೆ ಪಕ್ಕದವರತ್ತ ಸೀಲು ಸರಿಸಿ ಹೋಗುವುದು ಆ ಮೇಜಿನ ಹಳೆಯ ರೂಢಿ. ರಾಶಿ ಬೆಳೆಯಬಾರದು, ಮೆಷಿನ್ ನಿಲ್ಲಬಾರದು. ಮೇಲ್ವಿಚಾರಕರಿಗೂ ಬೇಕಾದದ್ದು ಅದೇ. ಎಷ್ಟೋ ಸಲ ಅವರೇ ನಿಂತು, "ಅವರದ್ದೂ ನೀನೇ ಒತ್ತಿ ಮುಗಿಸಮ್ಮ," ಎಂದದ್ದುಂಟು.

ಹೋದ ವರ್ಷ ಗಂಡನ ಕಿಡ್ನಿ ಕೈಕೊಟ್ಟಿತು. ಇವಳ ರಜೆಯೆಲ್ಲ ಮುಗಿದಿತ್ತು. ಎರಡು ವಾರ ಬೆಳಿಗ್ಗೆ ಬಂದು ಕಾರ್ಡು ತೋರಿಸಿ, ಮಧ್ಯಾಹ್ನ ಹಿಂದಿನ ಗೇಟಿನಿಂದ ಆಸ್ಪತ್ರೆಗೆ ಓಡುತ್ತಿದ್ದಳು. ಹದಿನಾಲ್ಕನೇ ಸೀಲು ಆ ಎರಡು ವಾರ ಮಲ್ಲಿಯ ಕೈಯಲ್ಲಿತ್ತು. ಎರಡು ರಾಶಿಯನ್ನೂ ಒಬ್ಬಳೇ ಅಳೆದಳು. "ಭಾವ ಹೇಗಿದ್ದಾರೆ ಹೇಳು, ರಾಶಿ ವಿಷಯ ಬಿಡು," ಎನ್ನುತ್ತಿದ್ದಳು. ಗಂಡ ಉಳಿದ. ವಾರಕ್ಕೆರಡು ಸಲ ಡಯಾಲಿಸಿಸ್, ಖರ್ಚು ಕಂಪನಿಯ ವಿಮೆಯದು.

ಅಷ್ಟರಲ್ಲಿ ಕಂಪನಿಯ ಗೋಡೆಯ ಮೇಲೆ ನೋಟಿಸು ಬಿತ್ತು: ಮುನ್ನೂರು ಜನರ ಕಡಿತ. ಕಡಿತವಾದವರಿಗೆ ಸೇವೆಯ ವರ್ಷಕ್ಕೊಂದು ತಿಂಗಳ ಸಂಬಳ, ಒಂದು ವರ್ಷ ವಿಮೆ. ನಡತೆಯ ದೋಷಕ್ಕೆ ವಜಾ ಆದವರಿಗೆ ಮಾತ್ರ ಏನೂ ಇಲ್ಲ.

ಭೂತಗನ್ನಡಿ ಆ ಕೊನೆಯ ಸಾಲನ್ನು ಮೂರು ಸಲ ಓದಿದಳು. "ಇದರಲ್ಲಿ ಏನೋ ಇದೆ ಕಣೇ. ಕೊಡೋ ಮನಸ್ಸಿದ್ದೋರು ಕೊಡದೇ ಇರೋದರ ಬಗ್ಗೆ ಇಷ್ಟು ದಪ್ಪ ಅಕ್ಷರದಲ್ಲಿ ಬರೀತಾರಾ?"

ಅವಳ ಅನುಮಾನ ಸುಳ್ಳಾಗಲಿಲ್ಲ. ಒಂದೇ ವಾರದಲ್ಲಿ ಐದು ಜನ ವಜಾ. ಒಬ್ಬ ಊಟದ ಗಂಟೆಗೆ ನಾಲ್ಕು ನಿಮಿಷ ಮೊದಲು ಎದ್ದನಂತೆ, ಇನ್ನೊಬ್ಬ ಕಂಪನಿಯ ಪೆನ್ನು ಮನೆಗೆ ಒಯ್ದನಂತೆ. ಅಬ್ಬಬ್ಬಾ, ಇಪ್ಪತ್ತು ವರ್ಷ ಕಾಣದ ತಪ್ಪುಗಳು ರಾತ್ರೋರಾತ್ರಿ ಅಣಬೆಯ ಹಾಗೆ ಎದ್ದವು! ಮೇಜಿನ ಮೇಲೆ ಸೀಲು ಸರಿಸುವುದು ನಿಂತಿತು. ಟೀ ಕುಡಿಯುವಾಗಲೂ ಒಬ್ಬರ ಲೋಟದ ಮೇಲಿಂದ ಇನ್ನೊಬ್ಬರು ನೋಡತೊಡಗಿದರು.

ಆಗಲೇ ಅವಳು ಕಂಡದ್ದು: ಮಲ್ಲಿ ಎಚ್.ಆರ್. ಕೋಣೆಯಿಂದ ಹೊರಬರುತ್ತಿದ್ದಳು. ಮಾರನೆಯ ದಿನ ಮತ್ತೆ. ಬಂದವಳು ತುಟಿ ಬಿಚ್ಚಲಿಲ್ಲ.

"ಏನಂತೆ?"

"ಏನಿಲ್ಲ ಅಕ್ಕ."

ಮಾತಿನಮಲ್ಲಿಗೆ ಏನಿಲ್ಲವೆ? ನಲ್ಲಿ ಬಂದಾದ ಮೇಲೆ ಟ್ಯಾಂಕಿನಲ್ಲಿ ಏನೋ ಆಗಿದೆ ಎಂದೇ ಅರ್ಥ. ಆ ಎರಡು ವಾರದ ವಿಷಯ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಮೂರನೆಯ ದಿನ ಇವಳಿಗೇ ಕರೆ ಬಂತು. ಎಚ್.ಆರ್. ಆಫೀಸರು ಬೆಣ್ಣೆಯಿಂದ ಕೂದಲು ತೆಗೆದಂತೆ ಮಾತಾಡುವ ಮನುಷ್ಯ. ಹೋದ ವರ್ಷದ ಚೀಟಿಗಳನ್ನು ಸಾಲಾಗಿ ಇಟ್ಟ. "ಸೀಲು ನಿಮ್ಮದು, ತಾರೀಖಿನ ಕೈಬರಹ ಪಕ್ಕದವರದು. ನೀವೇ ಕೊಟ್ಟಿದ್ರೆ ಇಬ್ಬರದೂ ತಪ್ಪಾಗುತ್ತೆ. ನಿಮಗೆ ಗೊತ್ತಿಲ್ಲದೆ ತಗೊಂಡಿದ್ರೆ ಬೇರೆ ಮಾತು. ಅವರು ಆಗಲೇ ಬರೆದುಕೊಟ್ಟಿದ್ದಾರೆ."

"ಏನು ಬರೆದಿದ್ದಾಳೆ ಸರ್?"

"ಅದನ್ನ ತೋರಿಸೋ ಹಾಗಿಲ್ಲಮ್ಮ."

ಅಯ್ಯೋ, ಆ ಹೊತ್ತಿಗೆ ಅವಳ ಮೂರು ಸಲದ ಅಳತೆ ಎಲ್ಲಿ ಹೋಯಿತೋ! ಕಂಪನಿಯನ್ನು ಅನುಮಾನಿಸಿದವಳು, ಆ ನೋಟಿಸನ್ನು ಅನುಮಾನಿಸಿದವಳು, ಈ ಮನುಷ್ಯನ ಒಂದು ಮಾತನ್ನು ಮಾತ್ರ ಒಂದು ಸಲವೂ ಅಳೆಯಲಿಲ್ಲ. ಕಣ್ಣ ಮುಂದೆ ಇದ್ದದ್ದು ಗಂಡನ ತೋಳಿಗೆ ಚುಚ್ಚಿದ ನಳಿಕೆ. 'ನನಗೆ ಗೊತ್ತಿಲ್ಲದೆ ನನ್ನ ಸೀಲು ತೆಗೆದುಕೊಂಡಿದ್ದಾಳೆ' ಎಂದು ಬರೆದಳು, ಸಹಿ ಮಾಡಿದಳು, ತಾರೀಖನ್ನೂ ಹಾಕಿದಳು.

ಸೋಮವಾರ ಇಬ್ಬರಿಗೂ ಕಾಗದ ಬಂತು. ಇವಳದು ಕಡಿತ, ಪರಿಹಾರ, ವಿಮೆ. ಶುಕ್ರವಾರದೊಳಗೆ ಸಹಿ ಮಾಡಿ ಕೊಡಬೇಕು. ಮಲ್ಲಿಯದು ವಜಾ. ಮಲ್ಲಿ ಡ್ರಾಯರು ಖಾಲಿ ಮಾಡಿ, ತನ್ನ ಕಾಗದವನ್ನು ಇವಳ ಮುಂದಿಟ್ಟಳು. "ಓದಿ. ನಿಮಗೆ ಮೂರು ಸಲ ಓದೋ ಅಭ್ಯಾಸ ಅಲ್ವಾ?"

ನೀವು! ಪಕ್ಕಪಕ್ಕ ಕೂತ ಹದಿಮೂರು ವರ್ಷದಲ್ಲಿ ಮೊದಲ ಸಲ.

ಕಾಗದದಲ್ಲಿ ಎರಡು ತಪ್ಪುಗಳಿದ್ದವು. ಒಂದು, ಸಹೋದ್ಯೋಗಿಯ ಸೀಲು ಕದ್ದದ್ದು. ಎರಡು, ಸುಳ್ಳು ಹೇಳಿಕೆ: 'ಅಕ್ಕನ ಬೆರಳಿಗೆ ಪೆಟ್ಟಾಗಿತ್ತು, ಸೀಲು ಒತ್ತಿದ್ದು ಅವರೇ, ತಾರೀಖು ಮಾತ್ರ ನಾನು ಬರೆದೆ' ಎಂದು ಬರೆದುಕೊಟ್ಟದ್ದು. ಇವಳನ್ನು ಉಳಿಸಲು ಮಲ್ಲಿ ಕಟ್ಟಿದ ಸುಳ್ಳು ಅದು. ವಿಚಾರಣೆಯ ಮಾತು ಹೊರಗೆ ಆಡಬಾರದೆಂದು ಅವಳಿಂದ ಬರೆಸಿಕೊಂಡದ್ದೂ ಅದರಲ್ಲಿತ್ತು. ಇವಳೂ ಸೀಲು ಒತ್ತಿದ್ದು ನಾನೇ ಎಂದಿದ್ದರೆ ಇಬ್ಬರೂ ಪಾರಾಗುತ್ತಿದ್ದರು. ತಲೆ ಎತ್ತುವಷ್ಟರಲ್ಲಿ ಪಕ್ಕದ ಕುರ್ಚಿ ಖಾಲಿಯಾಗಿತ್ತು.

ಗುರುವಾರದವರೆಗೆ ಅವಳು ಕಾಗದಕ್ಕೆ ಸಹಿ ಮಾಡಲಿಲ್ಲ. ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ತೋಳಿನ ಬ್ಯಾಂಡೇಜನ್ನು ಸರಿಮಾಡಿಕೊಂಡ.

"ಕಳ್ಳಿ ಅಂತ ಬರೆದ ಮೇಲೆ ಅವಳಿಗೆ ಇನ್ನೆಲ್ಲಿ ಕೆಲಸ ಸಿಗುತ್ತೆ? ಅವಳ ಹೊಟ್ಟೆ ಮೇಲೆ ಹೊಡೆದು ನನ್ನ ರಕ್ತ ತೊಳೆಸ್ತೀಯಾ?"

"ನೀವು ಸುಮ್ಮನಿರಿ. ವಿಮೆ ಹೋದ್ರೆ ಏನ್ ಮಾಡೋದು?"

"ಸರ್ಕಾರಿ ಆಸ್ಪತ್ರೆ ಇದೆ, ಸಾಲಲ್ಲಿ ನಿಲ್ಲೋಣ. ನನಗೂ ಹೆದರಿಕೆ ಇಲ್ಲ ಅಂತಲ್ಲ. ಆದರೂ ನೀನು ಹೋಗು."

ಸಂಜೆ ಐದಕ್ಕೆ ಮಲ್ಲಿಯ ಮನೆಯ ಮೂರು ಮಹಡಿ ಹತ್ತಿ ಬಾಗಿಲು ತಟ್ಟಿದಳು. ಬಾಗಿಲು ಸರಪಳಿಯಷ್ಟೇ ತೆರೆಯಿತು.

"ನಾನಿನ್ನೂ ಸಹಿ ಹಾಕಿಲ್ಲ ಕಣೇ. ಸೀಲು ನಾನೇ ಕೊಟ್ಟಿದ್ದು ಅಂತ ಬರೀತೀನಿ. ಅದಿದ್ರೆ ಕಾರ್ಮಿಕ ನ್ಯಾಯಾಲಯದಲ್ಲಿ ನಿನಗೆ ದಾರಿ ಇದೆ."

ಮಲ್ಲಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಪ್ಪತ್ತೊಂದು ವರ್ಷ ಇವಳು ಪಂಪಿನ ತುಂಡುಗಳನ್ನು ನೋಡಿದ ನೋಟವೇ ಅದು. "ಯಾರು ಕಳಿಸಿದ್ರು? ನನ್ನ ಬಾಯಿಂದ ಏನು ಹೊರಡಿಸಬೇಕು ಅಂದ್ರು?"

"ಯಾರೂ ಇಲ್ಲ, ನನ್ನಾಣೆ."

"ಹಾಗೆ ಬರೆದ್ರೆ ನಿಮ್ಮ ಪರಿಹಾರ ಹೋಗುತ್ತೆ. ಭಾವನ ವಿಮೆ ಹೋಗುತ್ತೆ. ಅಷ್ಟು ದೊಡ್ಡ ಮನಸ್ಸು ಯಾರಿಗಿದೆ ಈ ಕಾಲದಲ್ಲಿ? ಹೋಗಿ."

ಬಾಗಿಲು ಮುಚ್ಚಿತು. ಅವಳು ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು. ಮೊನ್ನೆ ಸೋಮವಾರದವರೆಗೆ ಈ ಬಾಗಿಲು ಕಾಲ ಸಪ್ಪಳಕ್ಕೇ ತೆರೆಯುತ್ತಿತ್ತು. ಅನುಮಾನ ಕಲಿಸಿದವಳು ತಾನೇ, ಇನ್ನು ಯಾರನ್ನು ಬಯ್ಯುವುದು? ಚೀಲದಿಂದ ಪರಿಹಾರದ ಕಾಗದ ತೆಗೆದು, ಅದರ ಬೆನ್ನಿಗೇ ಬರೆದಳು: 'ಹದಿನಾಲ್ಕನೇ ಸೀಲನ್ನು ಮಲ್ಲಿಗೆ ನಾನೇ ಕೊಟ್ಟೆ. ಗಂಡನ ಆಸ್ಪತ್ರೆಗೆ ಹೋಗಲು ಎರಡು ವಾರ ಕೊಟ್ಟೆ. ಅವಳು ಕದ್ದಿಲ್ಲ. ಮೊದಲು ಬರೆದುಕೊಟ್ಟದ್ದು ಸುಳ್ಳು.' ಸಹಿ ಮಾಡಿ, ಒಂದು ಸಲವೂ ಓದದೆ ಬಾಗಿಲ ಸಂದಿಯಲ್ಲಿ ತೂರಿದಳು.

ಕಾಗದ ಸರ್ರನೆ ಒಳಗೆ ಹೋಯಿತು. ಕೆಳಗಿನ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. ಅವಳು ಕಣ್ಣೊರೆಸಿಕೊಂಡು, ಗೋಡೆ ಹಿಡಿದು ಒಂದು ಮೆಟ್ಟಿಲು ಇಳಿದಳು, ಎರಡು ಇಳಿದಳು.

ಹಿಂದೆ ಸರಪಳಿ ಬಿಚ್ಚಿದ ಸದ್ದಾಯಿತು. ಮಲ್ಲಿ ಕಾಗದವನ್ನೂ ಒಂದು ಪೆನ್ನನ್ನೂ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಅವಳ ಕಣ್ಣೂ ಕೆಂಪಾಗಿತ್ತು.

"ತಾರೀಖು ಎಲ್ಲಿ ಅಕ್ಕಾ?"