ಓದದೆ ಬಿಟ್ಟ ಕಾಗದ

ಕಾರ್ಕಳದಲ್ಲಿ ನನ್ನ ತಂಗಿಯ ಮನೆಯ ತಾರಸಿಯ ಮೇಲೆ ನಾನೊಂದು ರೇಡಿಯೋ ಅಂಚೆಪೆಟ್ಟಿಗೆ ಇಟ್ಟಿದ್ದೆ. ಹವ್ಯಾಸಿ ರೇಡಿಯೋದವರು ಕೀಲಿಮಣೆಯಲ್ಲಿ ಒತ್ತಿದ ಅಕ್ಷರಗಳು ಗಾಳಿಯಲ್ಲಿ ಹೋಗಿ ಅದರ ಸ್ಮೃತಿಯಲ್ಲಿ ಕಾಗದಗಳಾಗಿ ಕೂರುತ್ತಿದ್ದವು. ಯಾರಿಗೆ ಬರೆದದ್ದೋ ಅವರು ತೆರೆಯುವವರೆಗೆ ಕಾಯುತ್ತಿದ್ದವು. ಪರದೆಗೆ ಪಟ್ಟಿ ತರಿಸಿದರೆ, ಇನ್ನೂ ಓದದ ಕಾಗದದ ಮುಂದೆ ಒಂದು ಗುರುತು ಕಾಣುತ್ತಿತ್ತು, ಕಳಿಸಿದವರಿಗೂ. ಪರ್ಕಳದ ನನ್ನ ಮೇಜಿನಿಂದಲೇ ಇದೆಲ್ಲವನ್ನೂ ನಡೆಸುತ್ತಿದ್ದೆ.

ಉಡುಪಿಯಲ್ಲಿ ನಮ್ಮ ರೇಡಿಯೋದವರ ಮಾಸಿಕ ಸಭೆಯಲ್ಲಿ ಕಾಪುವಿನ ನನ್ನ ಹಳೆಯ ಸ್ನೇಹಿತರು, ಬೋಟುಗಳ ವೈರ್‌ಲೆಸ್ ರಿಪೇರಿಯಲ್ಲಿ ಹೆಸರಾದವರು, ಚಹಾ ಹಿಡಿದುಕೊಂಡು ಹೇಳಿದರು: "ಇವರ ಪೆಟ್ಟಿಗೆ ಭಾರೀ ಚಂದ ಉಂಟು ಮಾರಾಯ್ರೇ. ಕಾಗದ ಹಾಕುವವರೂ ಇವರೇ, ಓದುವವರೂ ಇವರೇ, ಪೋಸ್ಟ್‌ಮ್ಯಾನೂ ಇವರೇ!"

ಹನ್ನೊಂದು ಮಂದಿ ನಕ್ಕರು. ಯಾರು ಎಲ್ಲಿ ಕುಳಿತಿದ್ದರೆಂದು ಈಗಲೂ ಹೇಳಬಲ್ಲೆ. ಅಂದು ಪೆಟ್ಟಿಗೆಯಲ್ಲಿದ್ದ ಏಳು ಕಾಗದಗಳಲ್ಲಿ ನನ್ನವು ಐದು ಮಾತ್ರ. ಮನೆಗೆ ಬಂದವನೇ ಫೋನಿನಲ್ಲಿ ಅವರ ನಂಬರನ್ನು ಬ್ಲಾಕ್ ಮಾಡಿದೆ.

ಮರುವರ್ಷ ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಅವರ ಧ್ವನಿ ಹೋಯಿತು. ಮೈಕ್ ಹಿಡಿದರೆ ಬಿಡದಿದ್ದ ಮನುಷ್ಯನಿಗೆ ಕೀಲಿಮಣೆಯೊಂದೇ ಉಳಿಯಿತು. ಜೂನ್ ಮೊದಲ ವಾರದ ಒಂದು ಬೆಳಿಗ್ಗೆ, ನನ್ನ ಹೆಸರಿಗೆ ಅವರ ಕಾಗದ ಪಟ್ಟಿಯಲ್ಲಿ ಕಾಣಿಸಿತು. ವಿಷಯ: 'ಒಂದು ಕೇಳಲಿಕ್ಕುಂಟು'.

ನಾನು ತೆರೆಯಲಿಲ್ಲ. ತೆರೆದಿಲ್ಲವೆಂಬುದು ಅವರಿಗೆ ತಿಳಿಯಲಿ ಎಂದೇ ತೆರೆಯಲಿಲ್ಲ. ಪ್ರತಿದಿನ ಒಂಬತ್ತಕ್ಕೆ ಅವರು ಪೆಟ್ಟಿಗೆಯನ್ನು ಸಂಪರ್ಕಿಸಿ, ಪಟ್ಟಿ ತರಿಸಿ, ಆ ಗುರುತು ನೋಡಿ, ಹೊರಟುಹೋಗುತ್ತಿದ್ದರು. ಪೆಟ್ಟಿಗೆ ಅವರಿಗೆ ಕೊಡುವ ಉತ್ತರ ನನ್ನ ಪರದೆಯ ಮೇಲೂ ಮೂಡುತ್ತಿತ್ತು. ಹತ್ತೊಂಬತ್ತು ದಿನ ನಾನದನ್ನು ನೋಡುತ್ತಾ ಕಾಫಿ ಕುಡಿದೆ.

ಇಪ್ಪತ್ತನೆಯ ದಿನ ಸಿಡಿಲಿಗೆ ಕಾರ್ಕಳದಲ್ಲಿ ಕರೆಂಟ್ ಹೋಯಿತು. ಅಂಥ ಹೊತ್ತಿನಲ್ಲಿ ಕಾಗದಗಳನ್ನು ಕಾಪಾಡಬೇಕಾದ ಸಣ್ಣ ಸೆಲ್ ಪೆಟ್ಟಿಗೆಯೊಳಗೆ ಯಾವಾಗಲೋ ಸತ್ತಿತ್ತು. ಅದನ್ನು ಬದಲಿಸಬೇಕಾದವನು ನಾನೇ. ಕರೆಂಟ್ ಬಂದ ಮೇಲೆ ಪಟ್ಟಿ ತರಿಸಿದೆ, ಖಾಲಿ.

ಆ ವಾರವೇ ಅವರ ಹೆಂಡತಿಯ ಫೋನ್ ಬಂತು. "ಮಣಿಪಾಲದಲ್ಲಿ ಅಡ್ಮಿಟ್ ಮಾಡಿದ್ದೇವೆ. ನಿಮ್ಮನ್ನು ನೋಡಬೇಕಂತೆ."

ಹೋದೆ. ಹಾಸಿಗೆಯಲ್ಲಿ ಹಿಡಿಯಷ್ಟಾಗಿದ್ದರು. ಸ್ಲೇಟು ಎಳೆದುಕೊಂಡು ಬರೆದರು: 'ಓದಿದಿರಾ?'

ಇಲ್ಲವೆಂದರೆ ಹತ್ತೊಂಬತ್ತು ದಿನಗಳಿಗೆ ಉತ್ತರ ಕೊಡಬೇಕಿತ್ತು. ಹೌದೆಂದು ತಲೆಯಾಡಿಸಿದೆ.

ಬಹಳ ಹೊತ್ತು ತೆಗೆದುಕೊಂಡು ಮತ್ತೆ ಬರೆದರು: 'ಒಪ್ಪಿಗೆಯಾ?'

ಆಗಲೂ ಕೇಳಬಹುದಿತ್ತು. ಒಂದು ಪ್ರಶ್ನೆ ಸಾಕಿತ್ತು. ಮತ್ತೆ ತಲೆಯಾಡಿಸಿದೆ. ಅವರು ನನ್ನ ಕೈ ಹಿಡಿದುಕೊಂಡರು. ನರ್ಸ್ ಬಂದು ಬಿಡಿಸುವವರೆಗೆ ಬಿಡಲಿಲ್ಲ. ಮೂರನೆಯ ದಿನ ತೀರಿಕೊಂಡರು.

ಸಭೆಯ ಆ ಮಾತನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಸತ್ತವರ ಮಾತೆಂದು ಅದು ಚಿಕ್ಕದಾಗುವುದಿಲ್ಲ. ಆದರೆ ನಾನು ಒಪ್ಪಿಕೊಂಡದ್ದು ಏನೆಂದು ಹೇಳಬಲ್ಲವರು ಯಾರೂ ಇಲ್ಲ. ಅವರ ಕಂಪ್ಯೂಟರಿನಲ್ಲಿ ಆ ಕಾಗದದ ಪ್ರತಿ ಉಳಿದಿಲ್ಲ. ಸಂತಾಪದ ನೆಪದಲ್ಲಿ ಹೋಗಿ ಹುಡುಕಿದ್ದೇನೆ.

ಉತ್ತರಕ್ರಿಯೆಯ ದಿನ ಊಟಕ್ಕೆ ಕುಳಿತಿದ್ದಾಗ ಅವರ ಹೆಂಡತಿ ಎಲೆಯ ಮುಂದೆ ಬಂದು ನಿಂತರು.

"ನೀವು ಒಪ್ಪಿದ್ದೀರಿ ಅಂತ ಅವರಿಗೆ ದೊಡ್ಡ ಸಮಾಧಾನ ಆಗಿತ್ತು. ಎಂತದ್ದು ಅಂತ ನನಗೆ ಹೇಳಲಿಲ್ಲ. ನಿಮ್ಮಿಬ್ಬರೊಳಗಿನದ್ದು, ಅಲ್ವಾ? ಯಾವಾಗ ಮಾಡ್ತೀರಿ?"

"ಮಳೆ ಕಡಿಮೆಯಾಗಲಿ," ಎಂದೆ.